ಸೋಮವಾರದ ಅರ್ಧ ಗಂಟೆ

ಮೂವತ್ತೊಂದು ವರ್ಷ ನಿಂತವರಿಗೆ ಉಳಿದಿದ್ದ ಆಸೆ ಒಂದೇ, ಕುಳಿತುಕೊಳ್ಳುವುದು.

ಶ್ರೀನಿವಾಸಪುರದಿಂದ ಕೋಲಾರಕ್ಕೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಚನ್ನರಾಯಪ್ಪನವರು ಅಷ್ಟು ವರ್ಷವೂ ಜನರನ್ನು ಕೂರಿಸಿದರು, ಸರಿಸಿದರು, ಒಳಗೆ ಹೋಗಿ ಎಂದು ಗದರಿದರು. ತಾವು ಮಾತ್ರ ಕಂಬಿಗೆ ಒರಗಿ ನಿಂತರು. ನಿವೃತ್ತಿಯಾದ ಮರುದಿನವೇ ಒಂದು ಈಸಿಚೇರು ತಂದು, ಮಾವಿನ ಮಂಡಿಯ ಹಿಂದಿನ ಬೀದಿಯಲ್ಲಿರುವ ತಮ್ಮ ಮನೆಯ ಜಗಲಿಯಲ್ಲಿ ಹಾಕಿ, "ಇನ್ಮೇಲೆ ನನ್ನನ್ನ ಯಾರೂ ಏಳಿಸ್ಬೇಡಿ" ಎಂದು ಘೋಷಿಸಿದರು. ಆ ಘೋಷಣೆ ಎರಡು ವರ್ಷ ಏಳು ತಿಂಗಳು ಊರ್ಜಿತದಲ್ಲಿತ್ತು. ಅದನ್ನು ರದ್ದು ಮಾಡಿದ್ದು ಒಂದು ಬಿಳಿಯ ಮಾತ್ರೆ.

ಮಾತ್ರೆ ಅವರದಲ್ಲ, ಅವರ ಹೆಂಡತಿ ಭಾರತಮ್ಮನವರದು.

ಯುಗಾದಿ ಕಳೆದ ವಾರ ಭಾರತಮ್ಮ ಹಿತ್ತಲ ಮೆಟ್ಟಿಲಿನ ಮೇಲೆ ಜಾರಿದರು. ಅದು ಹೇಳಿಕೊಳ್ಳುವಂಥ ಬೀಳುವಿಕೆಯೂ ಅಲ್ಲ. ಕೈಯಲ್ಲಿದ್ದ ಮೊರದಿಂದ ಒಂದು ಎಲೆ ಸೊಪ್ಪೂ ಚೆಲ್ಲಲಿಲ್ಲ. ಆದರೆ ನೆಲಕ್ಕೆ ಊರಿದ ಎಡಗೈಯ ಮಣಿಕಟ್ಟು ಹಪ್ಪಳದಂತೆ ಮುರಿಯಿತು. ಆರು ವಾರ ಪ್ಲಾಸ್ಟರಿನ ಕಟ್ಟು. ಕಟ್ಟು ಬಿಚ್ಚಿದ ದಿನ ಕೋಲಾರದ ಡಾಕ್ಟರು ಶೋಭಾರಾಣಿಯವರು ಸ್ಕ್ಯಾನ್ ಮಾಡಿಸಿ, ಕಾಗದವನ್ನು ಬಹಳ ಹೊತ್ತು ನೋಡಿದರು. ಡಾಕ್ಟರು ಕಾಗದವನ್ನು ಬಹಳ ಹೊತ್ತು ನೋಡುವುದು ಒಳ್ಳೆಯ ಲಕ್ಷಣವಲ್ಲವೆಂದು ಚನ್ನರಾಯಪ್ಪನವರಿಗೂ ಗೊತ್ತಿತ್ತು.

"ಮೂಳೆ ಸವೆದಿದೆ ಅಮ್ಮ. ಹೊರಗೆ ಗಟ್ಟಿ ಕಾಣತ್ತೆ, ಒಳಗೆ ಜರಡಿ. ಈಗ ಕೈ ಮುರೀತು, ಕೂಡಿಸಿದ್ವಿ. ಮುಂದಿನ ಸಲ ಬಿದ್ರೆ ಸೊಂಟ. ಸೊಂಟ ಮುರಿದ್ರೆ ಮಂಚ ಹಿಡಿದ ಹಾಗೇ."

ರಾಗಿ, ಹಾಲು, ನುಗ್ಗೆಸೊಪ್ಪು, ಬೆಳಗಿನ ಬಿಸಿಲು, ದಿನವೂ ನಡಿಗೆ, ಭಾರ ಎತ್ತಬಾರದು ಎಂಬ ಎಲ್ಲಕ್ಕೂ ಭಾರತಮ್ಮ ತಲೆಯಾಡಿಸಿದರು. ತೊಡಕು ಬಂದದ್ದು ಕೊನೆಯಲ್ಲಿ.

"ವಾರಕ್ಕೆ ಒಂದೇ ಮಾತ್ರೆ. ಬೆಳಿಗ್ಗೆ ಬರೀ ಹೊಟ್ಟೇಲಿ, ದೊಡ್ಡ ಲೋಟದ ತುಂಬ ನೀರಿನ ಜತೆ. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ, ತಿಂಡಿ ಇಲ್ಲ. ಮಲಗೋ ಹಾಗಿಲ್ಲ, ಬಗ್ಗೋ ಹಾಗಿಲ್ಲ. ಬಗ್ಗಿದ್ರೆ ಮಾತ್ರೆ ಮೇಲಕ್ಕೆ ಬಂದು ಎದೆಯೆಲ್ಲ ಸುಡತ್ತೆ."

ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ಆದರೆ ಹನ್ನೆರಡೂಕಾಲಿನ ಬಸ್ಸಿಗೆ ಹೊತ್ತಾಯಿತೆಂದು ಚನ್ನರಾಯಪ್ಪನವರು ಆಗಲೇ ಎದ್ದು ಬಾಗಿಲಲ್ಲಿದ್ದರು. ಬಸ್ಸು ಹೊರಡುವುದರೊಳಗೆ ಮುಗಿಯದ ಮಾತನ್ನು ಅವರು ಜೀವಮಾನದಲ್ಲಿ ಪೂರ್ತಿ ಕೇಳಿದವರಲ್ಲ. ಈ ದುರಭ್ಯಾಸದ ಬೆಲೆಯನ್ನು ಓದುಗರು ಮುಂದೆ ಕಾಣಲಿದ್ದಾರೆ.

ಬಸ್ಸಿನಲ್ಲಿ ಭಾರತಮ್ಮ ತೀರ್ಪು ಕೊಟ್ಟರು.

"ಈ ಮಾತ್ರೆ ನನಗಾಗಲ್ಲ ರೀ."

"ಯಾಕೆ?"

"ಬೆಳಿಗ್ಗೆ ಅರ್ಧ ಗಂಟೆ ಬಗ್ಗದೆ ಇರೋದಾ? ಎದ್ದಾಗಿಂದ ಬಗ್ಗೋದೇ ನನ್ನ ಕೆಲಸ. ಕಸ ಯಾರು ಗುಡಿಸ್ತಾರೆ? ನೀರು ಯಾರು ಹಾಕ್ತಾರೆ? ಬಾಗಿಲಿಗೆ ರಂಗೋಲಿ ಬಿಡದಿದ್ರೆ ಈ ಮನೇಲಿ ಯಾರೋ ಹೋಗ್ಬಿಟ್ರು ಅಂತ ಜನ ಹಾರ ತಗೊಂಡು ಬರ್ತಾರೆ."

"ನಾನ್ ಮಾಡ್ತೀನಿ ಬಿಡೇ" ಎಂದರು ಚನ್ನರಾಯಪ್ಪ. ದಣಿದ ಗಂಡಸರು ಮಾತು ಮುಗಿಸಲೆಂದು ಆಡುವ ಮಾತು ಅದು. ಅದರಿಂದ ಯಾವ ಮಾತೂ ಮುಗಿದದ್ದಿಲ್ಲ.

ಭಾರತಮ್ಮ ಎರಡು ಷರತ್ತು ಹಾಕಿದರು.

"ಒಂದು, ಯಾರಿಗೂ ಹೇಳ್ಬಾರ್ದು. ನನ್ನ ಮೂಳೆ ಸವೆದಿದೆ ಅಂತ ಗೊತ್ತಾದ್ರೆ ಮುಳಬಾಗಿಲಿಂದ ನಿಮ್ಮಕ್ಕ ನೋಡ್ಕೊಳ್ಳೋಕೆ ಅಂತ ಬಂದ್ಬಿಡ್ತಾರೆ."

ಚನ್ನರಾಯಪ್ಪನವರ ಅಕ್ಕ ಮುನಿಶಾಮಮ್ಮ ಹಿಂದೊಮ್ಮೆ ಭಾರತಮ್ಮನ ಮೂರು ದಿನದ ಜ್ವರಕ್ಕೆ ಆರೈಕೆ ಮಾಡಲು ಬಂದು ನಾಲ್ಕು ತಿಂಗಳು ಉಳಿದಿದ್ದರು. ಹೋಗುವ ಮುನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಸ್ಥಳವನ್ನು ಬದಲಾಯಿಸಿದ್ದರು. ಭಾರತಮ್ಮನ ಕೈ ಇಂದಿಗೂ ಮೊದಲು ಹಳೆಯ ಜಾಗಕ್ಕೇ ಹೋಗುತ್ತದೆ.

"ಎರಡು, ಒಂದೇ ಒಂದು ಸಲ ಎದೆ ಉರಿದ್ರೂ ಮಾತ್ರೆ ಮೋರಿಗೆ. ಆಮೇಲೆ ನೀವು ಹೇಳಿದ್ರೂ ಕೇಳಲ್ಲ, ಆ ಡಾಕ್ಟ್ರು ಹೇಳಿದ್ರೂ ಕೇಳಲ್ಲ."

ಮೂವತ್ತೈದು ವರ್ಷದ ಸಂಸಾರದಲ್ಲಿ ಭಾರತಮ್ಮನ ತೀರ್ಪಿಗೆ ಮೇಲ್ಮನವಿ ಇದ್ದದ್ದಿಲ್ಲ. ಒಮ್ಮೆ ಬಗ್ಗಿದರೆ ಉರಿ. ಉರಿದರೆ ಮಾತ್ರೆ ಮೋರಿಗೆ. ಮಾತ್ರೆ ಹೋದರೆ ಮುಂದೊಂದು ದಿನ ಮೆಟ್ಟಿಲು, ಸೊಂಟ, ಮಂಚ. ಒಟ್ಟಿನಲ್ಲಿ ಹೆಂಡತಿ ಮಂಚ ಹಿಡಿಯದಿರಬೇಕಾದರೆ ವಾರಕ್ಕೆ ಅರ್ಧ ಗಂಟೆ ಆಕೆಯ ಬೆನ್ನು ನೆಟ್ಟಗಿರಬೇಕು. ಕಿಟಕಿಯ ಕಂಬಿಗೆ ಹಣೆ ಒರಗಿಸಿ ಚನ್ನರಾಯಪ್ಪನವರು ಒಂದು ನಿಟ್ಟುಸಿರು ಬಿಟ್ಟರು. ಈಸಿಚೇರು ಬಹಳ ದೂರ ಕಂಡಿತು.

ಮೊದಲನೆಯ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಭಾರತಮ್ಮ ಮಾತ್ರೆ ನುಂಗಿ, ಹಿತ್ತಾಳೆ ತಂಬಿಗೆಯ ನೀರು ಕುಡಿದು, ತಂಬಿಗೆಯನ್ನು ಕೈಯಲ್ಲಿ ಹಿಡಿದೇ ಹೊಸ್ತಿಲ ಹೊರಗೆ ಬಂದು, ಕುಳಿತರೆ ಬೆನ್ನು ಬಗ್ಗೀತೆಂದು ನಿಂತೇ ಇದ್ದರು. ಬಿಸಿಲು ಬೇಕೆಂದು ಡಾಕ್ಟರು ಹೇಳಿದ್ದರಿಂದ ಮುಖವನ್ನು ಪೂರ್ವಕ್ಕೆ ಮಾಡಿದರು. ಬಾಯಿ ಮುಚ್ಚಿತ್ತು. ಕಾಫಿ ಕುಡಿಯುವ ಮುನ್ನ ಭಾರತಮ್ಮ ಯಾರೊಡನೆಯಾದರೂ ಮಾತನಾಡಿದ ದಾಖಲೆ ಆ ಮನೆಯಲ್ಲಿ ಇಲ್ಲ.

ಚನ್ನರಾಯಪ್ಪನವರು ಕಸ ಗುಡಿಸಿದರು, ನೀರು ಚಿಮುಕಿಸಿದರು. ರಂಗೋಲಿಯ ಪುಡಿ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಾಗ ತಮಗೆ ರಂಗೋಲಿ ಬರುವುದಿಲ್ಲವೆಂಬ ಸತ್ಯ ಅವರಿಗೆ ಹೊಳೆಯಿತು. ಅವರ ಕೈ ಜೀವಮಾನವೆಲ್ಲ ಎಳೆದದ್ದು ಟ್ರಿಪ್ ಶೀಟಿನ ಚೌಕಗಳನ್ನು ಮಾತ್ರ. ಆದ್ದರಿಂದ ಅವರು ಅಡ್ಡಕ್ಕೆ ಏಳು, ಉದ್ದಕ್ಕೆ ನಾಲ್ಕು ಚೌಕ ಎಳೆದರು. ಚೌಕ ಖಾಲಿ ಬಿಡುವುದು ಅವರ ವೃತ್ತಿಧರ್ಮಕ್ಕೆ ವಿರುದ್ಧವಾಗಿತ್ತು. ಪ್ರತಿಯೊಂದರಲ್ಲೂ ಒಂದು ಗೀಟು ಹಾಕಿದರು.

ಎದುರು ಮನೆಯ ಸುನಂದ ಹಾಲಿನ ಪಾತ್ರೆ ಹಿಡಿದು ನಿಂತುಬಿಟ್ಟಳು.

"ಏನ್ ಚನ್ನರಾಯಪ್ಪನೋರೆ, ನೀವು ರಂಗೋಲಿ ಬಿಡ್ತಿದೀರ?"

"ಹೂಂನಮ್ಮ."

"ಭಾರತಕ್ಕ ಸುಮ್ನೆ ನಿಂತಿದಾರೆ?"

"ನಿಂತಿದಾಳೆ."

"ಯಾಕೆ?"

ಸುಳ್ಳು ಹೇಳುವ ಅಭ್ಯಾಸ ಚನ್ನರಾಯಪ್ಪನವರಿಗಿರಲಿಲ್ಲ. ನಿಜ ಹೇಳುವ ಅನುಮತಿಯೂ ಇರಲಿಲ್ಲ. ಎರಡರ ಮಧ್ಯೆ ತಡಕಾಡಿ ಅವರು ಕೈಗೆ ಸಿಕ್ಕಿದ್ದನ್ನು ಹೇಳಿದರು.

"ಸೋಮವಾರ."

ಈ ಒಂದು ಮಾತನ್ನು ಸುನಂದ ಮನೆಗೆ ಒಯ್ದು, ವಾರವೆಲ್ಲ ಒಲೆಯ ಮೇಲಿಟ್ಟು ಕುದಿಸಿದಳು. ಗಂಡಹೆಂಡಿರ ಜಗಳವೆಂದು ಕೆಲವರು, ಮನೆಯನ್ನು ಹೆಂಡತಿಯ ಹೆಸರಿಗೆ ಬರೆದುಕೊಟ್ಟ ಪರಿಣಾಮವೆಂದು ಕೆಲವರು ಬೀದಿಯಲ್ಲಿ ವಾದಿಸಿದರು. ಸುನಂದ ಎರಡನ್ನೂ ತಳ್ಳಿಹಾಕಿದಳು.

"ಬೆಳ್ಳಂಬೆಳಿಗ್ಗೆ, ಸೋಮವಾರ, ಸೂರ್ಯನ ಕಡೆ ಮುಖ, ಕೈಯಲ್ಲಿ ತಂಬಿಗೆ, ಬಾಯಲ್ಲಿ ಮಾತಿಲ್ಲ. ಗಂಡ ಅಂಗಳದಲ್ಲಿ ಯಂತ್ರ ಬರೀತಾನೆ. ಇನ್ನೇನ್ ಬೇಕು ನಿಮ್ಗೆ? ಮೈಮೇಲೆ ಬರ್ತಿದೆ."

ಎರಡನೆಯ ಸೋಮವಾರ ಸುನಂದ ತಲೆಗೆ ಸ್ನಾನ ಮಾಡಿ, ಎರಡು ಬಾಳೆಹಣ್ಣು ಹಿಡಿದು, ಚೌಕಗಳ ಆಚೆ ಕೈಮುಗಿದು ನಿಂತಳು. ಮಗಳಿಗೆ ಮಾಲೂರಿನಲ್ಲೊಂದು, ವೇಮಗಲ್‌ನಲ್ಲೊಂದು ಗಂಡು ಬಂದಿದೆ, ಯಾವುದು ಒಪ್ಪಲಿ ತಾಯಿ ಎಂದು ಕೇಳಿದಳು. ಭಾರತಮ್ಮನಿಗೆ ಆ ಹೊತ್ತಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಒಂದು ಲೋಟ ಕಾಫಿ. ಅವರು ದೀರ್ಘವಾಗಿ ಉಸಿರೆಳೆದು ಕುತ್ತಿಗೆ ತಿರುಗಿಸಿ ಅಡುಗೆಮನೆಯ ಕಡೆ ನೋಡಿದರು.

ಮಾಲೂರಿನ ಹುಡುಗ ಹೋಟೆಲು ಇಟ್ಟಿದ್ದ. ಗುರುವಾರ ತಾಂಬೂಲ ಬದಲಾಯಿಸಿದರು.

ಮೂರನೆಯ ಸೋಮವಾರ ಬಾಗಿಲು ತೆರೆದಾಗ ಬೀದಿಯಲ್ಲಿ ಮೂವತ್ತು ಜನರಿದ್ದರು. ಭಾರತಮ್ಮ ಮಾತ್ರೆ ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ ಗಂಡನನ್ನು ನೋಡಿದರು. ಚನ್ನರಾಯಪ್ಪನವರು ಪಿಸುದನಿಯಲ್ಲಿ ವಿಷಯ ತಿಳಿಸಿದರು.

"ಏನ್ಮಾಡೋಣ ಹೇಳು. ನಿಜ ಹೇಳಿದ್ರೆ ಅಕ್ಕ ಬರ್ತಾಳೆ. ಹೇಳದೆ ಹೋದ್ರೆ ನೀನು ದೇವತೆ."

ಭಾರತಮ್ಮ ಕ್ಷಣ ಯೋಚಿಸಿದರು. ಅಕ್ಕನಿಗಿಂತ ದೇವತೆಯೇ ಮೇಲೆಂದು ತೀರ್ಮಾನಿಸಿದವರಂತೆ ಮಾತ್ರೆ ನುಂಗಿ ಹೊರಗೆ ನಡೆದರು.

ಮೊದಲು ಮುಂದೆ ಬಂದವನು ಮಂಡಿಯ ಉಮೇಶ್. ತೋಟದಲ್ಲಿ ಬಾದಾಮಿ ಮಾವು ಬಲಿತಿತ್ತು. ಈಗಲೇ ಕೀಳಿಸಲೋ, ಬಿಡಲೋ ಎಂಬುದು ಅವನ ಪ್ರಶ್ನೆ. ಗಡಿಯಾರ ಒಳಗಿನ ಗೋಡೆಯ ಮೇಲೆ, ಭಾರತಮ್ಮನ ಬೆನ್ನ ಹಿಂದೆ ಇತ್ತು. ಅದು ಗಂಡನಿಗೆ ಮಾತ್ರ ಕಾಣುತ್ತಿತ್ತು. ಭಾರತಮ್ಮ ಹುಬ್ಬೇರಿಸಿ ಗಂಡನನ್ನು ನೋಡಿದರು. ಮುಂದಿನ ನಿಲ್ದಾಣ ಕೂಗುವ ದನಿಯಲ್ಲಿ ಚನ್ನರಾಯಪ್ಪನವರು, "ಹದಿನೆಂಟು" ಎಂದರು.

ಉಮೇಶ್ ಹದಿನೆಂಟನೆಯ ತಾರೀಕಿನವರೆಗೆ ಕಾದ. ಆ ದಿನ ಬೆಳಿಗ್ಗೆ ಮಂಡಿಯಲ್ಲಿ ಬೆಲೆ ಏರಿತು. ಕೆಲವೊಮ್ಮೆ ಬೆಲೆ ಏರುತ್ತದೆ. ಆದರೆ ಅದನ್ನು ಉಮೇಶನಿಗೆ ಹೇಳುವ ಧೈರ್ಯ ಶ್ರೀನಿವಾಸಪುರದಲ್ಲಿ ಯಾರಿಗೂ ಇರಲಿಲ್ಲ.

ಅವನ ಹಿಂದೆ ಗ್ರಾಮ ಲೆಕ್ಕಿಗ ನಂದೀಶ್ ಕಡತ ಹಿಡಿದು ನಿಂತಿದ್ದ.

"ರಸ್ತೇಲಿ ಇಷ್ಟು ಜನ ಸೇರಿಸ್ಬೇಕಾದ್ರೆ ಪರ್ಮಿಷನ್ ಬೇಕು ಚನ್ನರಾಯಪ್ಪನೋರೆ" ಎಂದು ಅವನು ಕಟ್ಟುನಿಟ್ಟಾಗಿ ಆರಂಭಿಸಿದ.

"ನಾನ್ ಸೇರಿಸಿಲ್ಲ ಸ್ವಾಮಿ. ಕರ್ಕೊಂಡು ಹೋಗಿ ಎಲ್ಲರನ್ನೂ, ಪುಣ್ಯ ಬರತ್ತೆ."

"ಅದು ಆಮೇಲೆ ನೋಡೋಣ. ತಾಯೀನ ಒಂದ್ಮಾತು ಕೇಳ್ಬೇಕಿತ್ತು. ಮಾಸ್ತಿ ಕಡೆ ವರ್ಗ ಕೇಳಿ ಅರ್ಜಿ ಹಾಕಿ ಎರಡು ವರ್ಷ ಆಯ್ತು."

ಭಾರತಮ್ಮ ಆಕಳಿಸಿದರು. ನಂದೀಶನ ಮುಖ ಇಳಿಯಿತು.

"ಫೈಲು ಮಲಗಿದೆ ಅಂತಿದಾರೆ" ಎಂದು ಅವನು ಪಕ್ಕದವರಿಗೆ ಹೇಳಿದ. "ಆಫೀಸಲ್ಲೂ ಹಾಗೇ ಅಂದ್ರು."

ಹೀಗೆ ದೇವತೆಯ ಕೀರ್ತಿ ಹರಡಿತು. ಕೀರ್ತಿಗೆ ಒಂದು ಕೆಟ್ಟ ಗುಣವಿದೆ, ಅದು ಬಸ್ಸು ಹತ್ತುತ್ತದೆ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಬಸ್ಸು ಇದೆ.

ನಾಲ್ಕನೆಯ ಸೋಮವಾರ ಆರು ಗಂಟೆ ಇಪ್ಪತ್ತೈದು ನಿಮಿಷ. ಭಾರತಮ್ಮ ಹೊಸ್ತಿಲ ಹೊರಗೆ ನಿಂತಿದ್ದರು. ಚನ್ನರಾಯಪ್ಪನವರು ಇಪ್ಪತ್ತಾರನೆಯ ಚೌಕದಲ್ಲಿದ್ದರು. ಇನ್ನು ಐದು ನಿಮಿಷ ಕಳೆದರೆ ಕಾಫಿ. ಆಗ ಜನರ ಗುಂಪು ಎರಡಾಗಿ ಸೀಳಿತು. ಸೀಳಿದ ದಾರಿಯಲ್ಲಿ ಮುನಿಶಾಮಮ್ಮ ನಡೆದು ಬಂದರು. ಎಪ್ಪತ್ತು ವರ್ಷ, ಅಗಲವಾದ ಕುಂಕುಮ, ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಚೀಲ. ಚೀಲದ ಗಾತ್ರ ನೋಡಿ ಚನ್ನರಾಯಪ್ಪನವರು ಮನಸ್ಸಿನಲ್ಲೇ ತಿಂಗಳು ಎಣಿಸಿದರು.

"ಏನ್ಲಾ ಚನ್ನ, ಮನೇಲಿ ಅಮ್ಮ ಬಂದು ನಿಂತವಳೆ, ಒಡಹುಟ್ಟಿದವಳಿಗೆ ಒಂದ್ ಫೋನ್ ಮಾಡಕ್ಕಾಗಿಲ್ವಾ ನಿಂಗೆ?"

"ಅಕ್ಕಾ, ಅಲ್ಲೇ ಇರು. ಒಂದೈದು ನಿಮಿಷ."

"ನಾನ್ಯಾಕ್ಲಾ ಇರ್ಲಿ? ಊರೋರೆಲ್ಲ ಕೇಳ್ಕೊಂಡ್ ಹೋಗವ್ರೆ. ಸರಿಯೋ ಅತ್ಲಾಗೆ."

"ಬೇಡಕ್ಕ, ಹತ್ರ ಹೋಗ್ಬೇಡ. ನಾಲ್ಕೂವರೆ ನಿಮಿಷ."

ಮುನಿಶಾಮಮ್ಮ ಚೀಲ ಇಳಿಸಿ, ತೆಂಗಿನಕಾಯಿಯನ್ನು ಸುನಂದಳ ಕೈಗೆ ಕೊಟ್ಟು, ಮಂಡಿಯೂರಿದರು.

"ಅಮ್ಮಾ ತಲ್ಲೀ, ಉಪ್ಪಿನ ಡಬ್ಬಿ ಜಾಗ ಬದಲಾಯ್ಸಿದ್ದು ತಪ್ಪಾಯ್ತು. ಹೊಟ್ಟೇಲಿ ಹಾಕ್ಕೋ, ಕಾಪಾಡು" ಎಂದು ಭಾರತಮ್ಮನ ಕಾಲಿಗೆ ಉದ್ದಕ್ಕೂ ಬಿದ್ದರು.

ಗಂಡನ ಅಕ್ಕ, ಎಪ್ಪತ್ತು ವರ್ಷದ ಹಿರಿಯಳು, ತಮ್ಮನ ಹೆಂಡತಿಯ ಕಾಲಿಗೆ ಬಿದ್ದರೆ ಆ ಹೆಂಡತಿ ಏನು ಮಾಡಬೇಕೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಅಯ್ಯೋ ಏಳಿ ಎಂದು ಬಗ್ಗಿ ಭುಜ ಹಿಡಿದು ಎತ್ತಬೇಕು. ಭಾರತಮ್ಮನ ತಂಬಿಗೆ ಕೈಯಿಂದ ಜಾರಿತು. ಎರಡೂ ಕೈ ಮುಂದೆ ಚಾಚಿದವು. ನಾಲ್ಕು ಸೋಮವಾರ ಕಂಬದಂತಿದ್ದ ಬೆನ್ನು ಮೆಲ್ಲಗೆ ಬಾಗತೊಡಗಿತು.

ಆರು ಇಪ್ಪತ್ತಾರು.

ಎರಡು ವರ್ಷ ಏಳು ತಿಂಗಳು ಈಸಿಚೇರಿನಲ್ಲಿದ್ದ ದೇಹ ಹಾರಿತು. ತಾವೇ ಚಿಮುಕಿಸಿದ ನೀರಿನ ಮೇಲೆ, ತಾವೇ ಉದುರಿಸಿದ ಪುಡಿಯ ಮೇಲೆ ಚನ್ನರಾಯಪ್ಪನವರ ಕಾಲು ಜಾರಿತು. ಅವರು ಚೌಕಗಳ ನಡುವೆ ಬಲಗೈ ಊರಿ ಬಿದ್ದರು. ಒಣ ಸೌದೆ ಮುರಿದಂಥ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

"ಬಗ್ಗಬೇಡ ಭಾರತಿ" ಎಂದರು ನೆಲದ ಮೇಲಿಂದಲೇ. "ಇನ್ನು ನಾಲ್ಕು ನಿಮಿಷ."

ಭಾರತಮ್ಮನ ಬೆನ್ನು ನಡುದಾರಿಯಲ್ಲಿ ನಿಂತಿತು. ಕಾಲ ಬಳಿ ಅತ್ತಿಗೆ, ಮೂರು ಮಾರು ದೂರದಲ್ಲಿ ಗಂಡ. ಗಂಡನ ಕೈ ಇರಬಾರದ ಕಡೆಗೆ ತಿರುಗಿತ್ತು. ಅವರು ನಿಧಾನವಾಗಿ ಮತ್ತೆ ನೆಟ್ಟಗಾದರು.

ಬಿದ್ದ ಗಂಡನನ್ನು ಕಂಡೂ ಬಗ್ಗದೆ ನಿಂತ ಹೆಂಡತಿಯನ್ನು ಆ ಬೀದಿ ಅಂದು ಮೊದಲ ಸಲ ನೋಡಿತು. ಉಮೇಶ್ ಚಪ್ಪಲಿ ಕಳಚಿದ. ಕಡತವನ್ನು ಎದೆಗವಚಿಕೊಂಡ ನಂದೀಶ್ ಎತ್ತಲು ಹೊರಟವನು ಯಂತ್ರ ತುಳಿದೇನೆಂದು ಗೆರೆಯ ಆಚೆಯೇ ಉಳಿದ. "ಬಲಿ ತಗೊಂಡ್ಳು ತಾಯಿ" ಎಂದಳು ಸುನಂದ, ಅಕ್ಕಪಕ್ಕದವರಿಗೆ ಮಾತ್ರ ಕೇಳುವಂತೆ.

ನಾಲ್ಕು ನಿಮಿಷ. ಭಾರತಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಬಿಸಿಲಿಗೆ ಮುಖ ಮಾಡಿದ್ದರಿಂದ ಯಾರೂ ಅದಕ್ಕೆ ಬೇರೆ ಕಾರಣ ಹುಡುಕಲಿಲ್ಲ.

"ಮೂರು" ಎಂದರು ಚನ್ನರಾಯಪ್ಪ, ಕತ್ತೆತ್ತಿ ಗಡಿಯಾರ ನೋಡಿ. ಮತ್ತೆ ಸ್ವಲ್ಪ ಹೊತ್ತಿಗೆ, "ಎರಡು." ಆಮೇಲೆ ದನಿ ಬರಲಿಲ್ಲ, ಒಂದು ಬೆರಳು ಮಾತ್ರ ಮೇಲೆದ್ದಿತು.

ಗಡಿಯಾರ ಆರೂವರೆ ಹೊಡೆದಾಗ ಭಾರತಮ್ಮ ಅತ್ತಿಗೆಯನ್ನು ದಾಟಿ, ಚೌಕಗಳನ್ನೆಲ್ಲ ತುಳಿದು, ಗಂಡನ ಪಕ್ಕದಲ್ಲಿ ಕುಳಿತರು. ಬಗ್ಗಿದರು.

"ಎದೆ ಉರೀತಾ?" ಎಂದು ಚನ್ನರಾಯಪ್ಪನವರು ಕೇಳಿದರು.

"ಇಲ್ಲ. ಕೈ?"

"ಹೋಯ್ತು."

ಭಾರತಮ್ಮ ತಲೆ ಎತ್ತಿ ಬೀದಿಯನ್ನು ನೋಡಿದರು.

"ನನ್ನ ಮೈಮೇಲೆ ಯಾರೂ ಬಂದಿಲ್ಲ. ಮೂಳೆ ಸವೆದಿದೆ. ಅದಕ್ಕೊಂದು ಮಾತ್ರೆ, ತಗೊಂಡು ಅರ್ಧ ಗಂಟೆ ಬಗ್ಗಬಾರ್ದು. ಅಷ್ಟೇ ಇರೋದು. ಯಾರಾದ್ರೂ ಆಟೋ ಕರೀರಿ."

ಸುನಂದ ಕಣ್ಣೊರೆಸಿಕೊಂಡಳು.

"ಎಷ್ಟ್ ಚೆನ್ನಾಗಿ ಮನುಷ್ಯರ ಹಾಗೇ ಮಾತಾಡ್ತಾಳೆ ನೋಡಿ ತಾಯಿ."

ಕೋಲಾರದಲ್ಲಿ ಶೋಭಾರಾಣಿಯವರು ಚನ್ನರಾಯಪ್ಪನವರ ಕೈಗೆ ಕಟ್ಟು ಹಾಕಿಸಿ, ನಿಂತ ಎತ್ತರದಿಂದ ಬಿದ್ದು ಕೈ ಮುರಿಯುವುದು ಸರಿಯಲ್ಲವೆಂದು ಅವರಿಗೂ ಸ್ಕ್ಯಾನ್ ಬರೆದರು. ಕಾಗದ ಬಂತು. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು.

"ನಿಮ್ಗೂ ಸವೆದಿದೆ."

"ಅದು ಹೆಂಗಸರಿಗೆ ಬರೋದಲ್ವಾ ಮೇಡಂ?"

"ಹೆಂಗಸರಿಗೆ ಜಾಸ್ತಿ. ಗಂಡಸರು ತೋರಿಸ್ಕೊಳ್ಳೋದು ಕಮ್ಮಿ. ನಿಮ್ಗೂ ಅದೇ ಮಾತ್ರೆ." ಡಾಕ್ಟರು ಪೆನ್ನು ಮುಚ್ಚಿದರು. "ಆವತ್ತು ನಾನು ಹೇಳ್ತಾನೇ ಇದ್ದೆ, ನೀವು ಎದ್ದು ಹೋದ್ರಿ. ನಿಂತೇ ಇರ್ಬೇಕು ಅಂತೇನಿಲ್ಲ. ಕುರ್ಚೀಲಿ ನೆಟ್ಟಗೆ ಕೂತಿದ್ರೂ ಸಾಕು, ಮನೆ ಒಳಗೇ."

ಭಾರತಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಆ ನೋಟದಲ್ಲಿ ನಾಲ್ಕು ಸೋಮವಾರಗಳಿದ್ದವು.

"ಈಸಿಚೇರಾದ್ರೆ ಆಗತ್ತಾ?" ಎಂದು ಚನ್ನರಾಯಪ್ಪನವರು ನೆಲ ನೋಡುತ್ತ ಕೇಳಿದರು.

"ಆಗಲ್ಲ. ಅದು ಮಲಗಿದ ಹಾಗೇ."

ಮುನಿಶಾಮಮ್ಮ ಉಳಿದರು. ಇಬ್ಬಿಬ್ಬರ ಮೂಳೆ ಸವೆದ ಮನೆಯನ್ನು ಬಿಟ್ಟುಹೋಗಲು ತಾನೇನು ಕಲ್ಲೇ ಎಂದು ಕೇಳುತ್ತಲೇ ಅವರು ಚೀಲ ಬಿಚ್ಚಿದರು. ಮರುದಿನವೇ ಉಪ್ಪಿನ ಡಬ್ಬಿ ಕಾಣೆಯಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಹೊಸ್ತಿಲ ಹೊರಗೆ, ಎಳೆಬಿಸಿಲಿನಲ್ಲಿ, ಎರಡು ಮರದ ಕುರ್ಚಿಗಳಿದ್ದವು. ಗಂಡ ಹೆಂಡತಿ ಮಾತ್ರೆ ನುಂಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಅಕ್ಕಪಕ್ಕ ಕುಳಿತರು. ಮುನಿಶಾಮಮ್ಮ ಕಸ ಗುಡಿಸಿ, ನೀರು ಹಾಕಿ, ಹದಿನೈದು ಚುಕ್ಕಿಯ ರಂಗೋಲಿ ಆರಂಭಿಸಿದರು. ಏಳನೆಯ ಸಾಲಿಗೆ ಬಂದಾಗ ಅವರ ಕೈ ತಡೆಯಿತು.

"ಲೇ ಚನ್ನ, ಸೊಂಟ ಹಿಡ್ಕೊಂತು ಕಣೋ."

ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಚನ್ನರಾಯಪ್ಪನವರು ಹೊರಳಿ ಗಡಿಯಾರ ನೋಡಿದರು. ಆರು ಹನ್ನೊಂದು. ಬಗ್ಗಿ ಎತ್ತಲು ಹತ್ತೊಂಬತ್ತು ನಿಮಿಷ ಬಾಕಿ ಇತ್ತು.

ಆಗ ಆ ಮನೆಯ ದಾಖಲೆಯೊಂದು ಎರಡನೆಯ ಸಲ ಮುರಿಯಿತು. ಕಾಫಿ ಕುಡಿಯದೆ ಭಾರತಮ್ಮ ಮಾತನಾಡಿದರು.

"ಅತ್ತಿಗೆ, ನನ್ನ ಕುರ್ಚಿ ಹಿಡ್ಕೊಂಡು ಮೆಲ್ಲಗೆ ಮೇಲೇಳಿ. ರೀ, ನೀವೆದ್ದು ಅವರಿಗೆ ಜಾಗ ಬಿಡಿ."

ಚನ್ನರಾಯಪ್ಪನವರು ಎದ್ದರು. ಮುನಿಶಾಮಮ್ಮ ಏದುಸಿರು ಬಿಡುತ್ತ ಅವರ ಕುರ್ಚಿಯಲ್ಲಿ ಕುಳಿತರು. ಚನ್ನರಾಯಪ್ಪನವರು ಕಟ್ಟು ಹಾಕಿದ ಕೈಯನ್ನು ಎದೆಗಾನಿಸಿ, ಜಗಲಿಯ ಕಂಬಕ್ಕೆ ಒರಗಿ, ಮೂವತ್ತೊಂದು ವರ್ಷದ ಹಳೆಯ ಭಂಗಿಯಲ್ಲಿ ನಿಂತರು.

"ಮುಂದಿನ ವಾರ ಅತ್ತಿಗೇನೂ ಕೋಲಾರಕ್ಕೆ ಕರ್ಕೊಂಡ್ ಹೋಗ್ಬೇಕು" ಎಂದರು ಭಾರತಮ್ಮ.

"ಹೂಂ."

"ಈ ಸಲ ಡಾಕ್ಟ್ರು ಪೂರ್ತಿ ಹೇಳೋವರ್ಗೂ ಏಳ್ಬೇಡಿ."

"ಹೂಂ."

ಎದುರು ಮನೆಯ ಬಾಗಿಲು ತೆರೆಯಿತು. ಹಾಲಿನ ಪಾತ್ರೆ ಹಿಡಿದು ಹೊರಬಂದ ಸುನಂದ ಅರ್ಧಕ್ಕೆ ನಿಂತ ರಂಗೋಲಿಯನ್ನು ನೋಡಿದಳು. ಪೂರ್ವಕ್ಕೆ ಮುಖ ಮಾಡಿ ಕುಳಿತ ಇಬ್ಬರನ್ನೂ ಅವರ ಪಕ್ಕದಲ್ಲಿ ನಿಂತ ಒಬ್ಬರನ್ನೂ ನೋಡಿದಳು. ಅವಳ ಕೈ ತಾನಾಗಿ ಮುಗಿಯಿತು.

"ಏನ್ ಚನ್ನರಾಯಪ್ಪನೋರೆ, ಇವತ್ತು ಮೂರೂ ಜನ?"

ಚನ್ನರಾಯಪ್ಪನವರು ಕಣ್ಣು ಮುಚ್ಚಿದರು.

"ಸೋಮವಾರ ಕಣಮ್ಮ" ಎಂದರು.